ಕಾರಿಗೆ ಅಂಟಿಸಿದ ಗೋಲಿ ಉದುರುವುದೇಕೆ?

ಗೋಲಿ, ಕನ್ನಡಿ ಚೂರು, ಬಾಟಲಿ ಮುಚ್ಚಳ, ಪ್ಲಾಸ್ಟಿಕ್ ಹಣ್ಣು, ಹಳೆಯ ಕ್ಯಾಮೆರಾ... ಇವನ್ನೆಲ್ಲ ಕಾರಿನ ಮೈತುಂಬ ಅಂಟಿಸಿ ರಸ್ತೆಗಿಳಿಸುವವರಿದ್ದಾರೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1988ರಿಂದ ಇಂಥ ಆರ್ಟ್ ಕಾರುಗಳ ಮೆರವಣಿಗೆಯೇ ನಡೆಯುತ್ತಿದೆ. ಕಲಾವಿದ ಹ್ಯಾರಡ್ ಬ್ಲ್ಯಾಂಕ್ ಅವರ ಕ್ಯಾಮೆರಾ ವ್ಯಾನಿನ ಮೇಲೆ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. ಕೆಲವು ಕ್ಯಾಮೆರಾಗಳು, ಬೆರಗಾಗಿ ನೋಡುತ್ತ ನಿಂತವರ ಫೋಟೋವನ್ನೂ ತೆಗೆಯುತ್ತವೆ. ಆ ಕಲ್ಪನೆಯಷ್ಟೇ ಮೆಚ್ಚಬೇಕಾದದ್ದು ಅವು ಉದುರದೆ ನಿಂತಿರುವ ಬಗೆ.

ಉದುರಿದರೆ ಎಲ್ಲರೂ ಮೊದಲು ಗಾಳಿಯನ್ನು ದೂರುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 460 ಪಾಸ್ಕಲ್. 5 ಸೆಂ.ಮೀ. ಚೌಕದ ಬಿಲ್ಲೆಯ ಮೇಲೆ ಅದು ಒತ್ತುವುದು 120 ಗ್ರಾಂ ತೂಕದಷ್ಟು ಬಲದಿಂದ. ಯಾವ ಅಂಟಿಗೂ ಇದೊಂದು ಭಾರವೇ ಅಲ್ಲ. ನಿಜವಾದ ವೈರಿ ಬಿಸಿಲು.

30 ಸೆಂ.ಮೀ. ಉದ್ದದ ಅಕ್ರಿಲಿಕ್ ಪಟ್ಟಿಯೊಂದನ್ನು ಉಕ್ಕಿನ ಬಾನೆಟ್ಟಿಗೆ ಅಂಟಿಸಿದ್ದೀರಿ ಎನ್ನಿ. ಮುಂಜಾನೆಯಿಂದ ಮಧ್ಯಾಹ್ನದ ಹೊತ್ತಿಗೆ ತಗಡಿನ ಬಿಸಿ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅಕ್ರಿಲಿಕ್ 0.84 ಮಿ.ಮೀ. ಹಿಗ್ಗುತ್ತದೆ, ಕೆಳಗಿನ ಉಕ್ಕು ಬರೀ 0.14 ಮಿ.ಮೀ. ವ್ಯತ್ಯಾಸ 0.7 ಮಿ.ಮೀ.; ಒಂದೊಂದು ತುದಿಗೆ 0.35. ಕೂದಲೆಳೆಯಷ್ಟು ತೆಳುವಾಗಿ, 0.1 ಮಿ.ಮೀ. ಇಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚುವ, ಒಣಗಿದರೆ ಗಟ್ಟಿಯಾಗುವ ಅಂಟು) ಬಳಿದಿದ್ದರೆ ಅಂಟು ತನ್ನ ದಪ್ಪದ ಮೂರೂವರೆ ಪಟ್ಟು ಪಕ್ಕಕ್ಕೆ ಜರುಗಬೇಕು. ಗಟ್ಟಿ ಇಪಾಕ್ಸಿಗೆ ಅದು ಆಗದ ಮಾತು. ತುದಿಯಿಂದ ಬಿರುಕು ಬಿಡುತ್ತದೆ. ಅದೇ ಜಾಗದಲ್ಲಿ 2 ಮಿ.ಮೀ. ದಪ್ಪದ ಸಿಲಿಕೋನ್ ಸೀಲೆಂಟ್ ಇದ್ದರೆ ಜರುಗಬೇಕಾದ್ದು ದಪ್ಪದ ಶೇ. 17ರಷ್ಟು ಮಾತ್ರ. ರಬ್ಬರಿನಂಥ ಅದು ಪ್ರತಿದಿನ ಹಿಗ್ಗಿ ಕುಗ್ಗಿ ಸುಮ್ಮನಿರುತ್ತದೆ. ಗಟ್ಟಿ ಅಂಟೇ ಒಳ್ಳೆಯ ಅಂಟು ಎಂಬ ನಂಬಿಕೆಯಷ್ಟು ಕಾರುಗಳನ್ನು ಕೆಡಿಸಿದ್ದು ಬೇರೊಂದಿಲ್ಲ. ಸೂಪರ್ ಗ್ಲೂ ಇಪಾಕ್ಸಿಗಿಂತ ಪೆಡಸು. ಬಿಸಿ ಅಂಟು ಕಡ್ಡಿಯಂತೂ ಬಿಸಿಲಿಗೆ ಕಾದ ಕಪ್ಪು ಛಾವಣಿಯ ಮೇಲೆ ಮೆತ್ತಗಾಗಿ ಜಾರುತ್ತದೆ.

ಸಿಲಿಕೋನ್‌ನಲ್ಲೂ ಎರಡು ಜಾತಿ. ವಿನಿಗರ್ ವಾಸನೆಯದು ಬೇಡ. ಒಣಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ, ಕನ್ನಡಿಯ ಹಿಂಬದಿಯ ಲೇಪವನ್ನು ತಿನ್ನುತ್ತದೆ. 'ನ್ಯೂಟ್ರಲ್ ಕ್ಯೂರ್' ಎಂದು ಬರೆದದ್ದನ್ನೇ ಕೊಳ್ಳಿ. ಇದು ಗಟ್ಟಿಯಾಗುವುದು ಗಾಳಿಯ ತೇವದಿಂದ, ಅಂಚಿನಿಂದ ಒಳಕ್ಕೆ, ಮೊದಲ ದಿನ 2-3 ಮಿ.ಮೀ.; ಒಳಹೋದಂತೆ ಇನ್ನೂ ನಿಧಾನ. ಆದ್ದರಿಂದ ಅಗಲ ಕನ್ನಡಿಯ ಹಿಂದೆ ಸುತ್ತಲೂ ಉಂಗುರದಂತೆ ಅಂಟು ಹಿಂಡಬಾರದು, ಒಳಗೆ ತೇವ ಹೋಗದೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ನಡುವೆ ಸಂದು ಬಿಟ್ಟು ಸಾಲುಸಾಲಾಗಿ ಹಿಂಡಿ, ಒತ್ತಿದಾಗ ಎರಡು ಮಿ.ಮೀ. ದಪ್ಪ ಉಳಿಯಲಿ. ಬಾಗಿಲಿನ ಮೇಲಾದರೆ ಒಂದು ದಿನ ಮಾಸ್ಕಿಂಗ್ ಟೇಪ್ ಹಾಕಿ ಹಿಡಿಸಿ, ಇಲ್ಲವಾದರೆ ಜಾರುತ್ತದೆ.

ಗೋಲಿಯದು ಬೇರೆಯೇ ಸಮಸ್ಯೆ. ಉರುಟಾದ್ದರಿಂದ ತಗಡನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. 5 ಮಿ.ಮೀ. ದಪ್ಪದ ಸಿಲಿಕೋನ್ ಹಾಸಿನಲ್ಲಿ ಗೋಲಿಯ ಮೂರನೇ ಒಂದು ಭಾಗ ಹುದುಗಿಸಬೇಕು. 16 ಮಿ.ಮೀ. ಗೋಲಿಗಳನ್ನು ಒತ್ತಾಗಿ ಕೂರಿಸಿದರೆ ಒಂದು ಚದರ ಮೀಟರಿಗೆ ಸುಮಾರು 4,500 ಬೇಕು, ಜೊತೆಗೆ 280 ಮಿ.ಲೀ. ಸಿಲಿಕೋನ್‌ನ ಹತ್ತು ಟ್ಯೂಬು. ಹತ್ತಿಪ್ಪತ್ತು ನಿಮಿಷದಲ್ಲೇ ಮೇಲೆ ಕೆನೆ ಕಟ್ಟುವುದರಿಂದ ಒಮ್ಮೆಗೆ ನೋಟ್‌ಬುಕ್ಕಿನ ಪುಟದಷ್ಟು ಜಾಗ ಸಾಕು. ತೂಕ ಮರೆಯಬೇಡಿ: ಗೋಲಿಗಳದೇ 24 ಕೆ.ಜಿ. ಎರಡು ಚದರ ಮೀಟರಿನ ಛಾವಣಿಗೆ ಐವತ್ತರ ಹತ್ತಿರ. ಅನೇಕ ಕಾರುಗಳ ಛಾವಣಿ ಹೊರಬಹುದಾದ ಮಿತಿ ಅಷ್ಟೇ ಇರುತ್ತದೆ, ತಿರುವಿನಲ್ಲಿ ವಾಲಾಟವೂ ಹೆಚ್ಚುತ್ತದೆ. ಗೋಲಿಯನ್ನು ಬಾಗಿಲಿನ ಕೆಳಭಾಗಕ್ಕೆ ಇಟ್ಟುಕೊಂಡು, ಛಾವಣಿಗೆ ಹಗುರವಾದ ಮುಚ್ಚಳ ಹಾಕುವುದೇ ಲೇಸು.

ಆದರೆ ಆ ಮುಚ್ಚಳ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಆಗಿದ್ದರೆ ಯಾವ ಅಂಟೂ ಸುಲಭಕ್ಕೆ ಹಿಡಿಯದು. ನೀರು ಚಿಮುಕಿಸಿ ನೋಡಿ: ಹರಡದೆ ಮಣಿಯಾಗಿ ನಿಂತರೆ ಅಂಟೂ ಹಾಗೆಯೇ ಸರಿದು ನಿಲ್ಲುತ್ತದೆ. ಹಿಂಬದಿಯಲ್ಲಿ ಮೂರ್ನಾಲ್ಕು ತೂತು ಕೊರೆದರೆ ಸಿಲಿಕೋನ್ ಒಳನುಗ್ಗಿ ಅಂಗಿಯ ಗುಂಡಿಯಂತೆ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಅಂಟು ಹಿಡಿಯುವುದು ಪೇಂಟನ್ನು, ಕಾರನ್ನಲ್ಲ. ಪೇಂಟ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಅದರ ಮೇಲೆ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೆರೆ, ಅಡ್ಡಲಾಗಿ ಮತ್ತಾರು ಗೀರಿ, 25 ಚೌಕಗಳ ಮೇಲೆ ಟೇಪ್ ಅಂಟಿಸಿ ಕೀಳಿ. ಚೌಕಗಳು ಎದ್ದು ಬಂದರೆ ಅಲ್ಲಿ ಮೊದಲು ಪೇಂಟ್ ಸರಿಮಾಡಿಸಿ. ಗಟ್ಟಿಯಾಗಿದ್ದರೆ 400 ನಂಬರಿನ ನಯವಾದ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಬರಿಯ ಉಕ್ಕು ಕಾಣಬಾರದು. ಅದರ ಮೇಲೆ ತಾಮ್ರದ ನಾಣ್ಯ ಕೂತು ಮಳೆನೀರು ಸೇರಿದರೆ ಪುಟ್ಟ ಬ್ಯಾಟರಿಯೇ ಆಗಿ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ.

ಆಮೇಲೂ ಒಂದೆರಡು ಚೂರು ಬಿದ್ದೇ ಬೀಳುತ್ತವೆ. ಎಸೆಯದೆ ತಿರುಗಿಸಿ ನೋಡಿ. ಅಂಟೆಲ್ಲ ಕಾರಿನಲ್ಲೇ ಉಳಿದು ಚೂರು ಬರಿದಾಗಿದ್ದರೆ ಚೂರಿನ ಮೈಯಲ್ಲಿ ಜಿಡ್ಡಿತ್ತು, ಇಲ್ಲವೇ ಅದು ಅಂಟದ ಪ್ಲಾಸ್ಟಿಕ್. ಅಂಟಿನ ಜೊತೆ ಪೇಂಟಿನ ಹಕ್ಕಳೆಯೂ ಬಂದಿದ್ದರೆ ತಪ್ಪು ಪೇಂಟಿನದು. ನಡುಭಾಗ ಇನ್ನೂ ಬೆರಳಿಗೆ ಮೆತ್ತಿಕೊಳ್ಳುತ್ತಿದ್ದರೆ ಒಣಗುವ ಮೊದಲೇ ಕಾರು ರಸ್ತೆಗಿಳಿದಿದೆ. ಅಂಟೇ ಹರಿದು ಎರಡೂ ಕಡೆ ಅರ್ಧರ್ಧ ಉಳಿದಿದ್ದರೆ ಹಿಡಿತ ಸರಿಯಾಗಿಯೇ ಇತ್ತು; ಮುಂದಿನ ಸಲ ಹಾಸು ಇನ್ನಷ್ಟು ದಪ್ಪಗಿರಲಿ.