ಹದ್ದು ಕೊಕ್ಕು ಒಡೆದುಕೊಳ್ಳುವ ಫೋಟೋ ಯಾವ ತಿಂಗಳಲ್ಲಿ ಸಿಗುತ್ತೆ?

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಅಕ್ಟೋಬರ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್‌ಗೆ ಬರುತ್ತಿದ್ದೇವೆ. ನಮ್ಮ ಯಜಮಾನರಿಗೆ ಹಕ್ಕಿ ಫೋಟೋ ಹುಚ್ಚು. ಅಲ್ಲಿನ ಬಿಳಿ ತಲೆಯ ಹದ್ದು, ಬಾಲ್ಡ್ ಈಗಲ್, ಎಲ್ಲಿ ಸಿಗುತ್ತೆ? ಅದು ಬಂಡೆಗೆ ಕುಟ್ಟಿ ಕೊಕ್ಕು ಒಡೆದುಕೊಳ್ಳುವುದನ್ನು ತೆಗೆಯಲು ಯಾವ ತಿಂಗಳು ಒಳ್ಳೆಯದು?

ಉತ್ತರ: ಮೊದಲನೆಯದು ಸುಲಭ. ಸಸ್ಕ್ವೆಹಾನಾ ನದಿಯ ಕೊನೊವಿಂಗೊ ಅಣೆಕಟ್ಟಿಗೆ ಹೋಗಿ, ನವೆಂಬರ್‌ನಲ್ಲಿ. ಟರ್ಬೈನ್ ಶುರುವಾಗುವ ಮುಂಚೆ ಸೈರನ್ ಕೂಗುತ್ತದೆ. ಅಲ್ಲಿಯವರೆಗೆ ಫ್ಲಾಸ್ಕಿನ ಕಾಫಿ ಹಿಡಿದು ಹರಟುತ್ತಿದ್ದವರೆಲ್ಲ ಟ್ರೈಪಾಡ್ ಹತ್ತಿರ ಓಡುತ್ತಾರೆ. ಟರ್ಬೈನ್‌ಗೆ ಸಿಕ್ಕಿ ಬಂದ ಮೀನುಗಳು ತಲೆತಿರುಗಿ ತೇಲುತ್ತವೆ, ಹದ್ದುಗಳಿಗೆ ಹಬ್ಬ.

ಹಕ್ಕಿಯ ಮೈ ಕಡು ಕಂದು, ತಲೆ ಅಚ್ಚ ಬಿಳಿ. ಕ್ಯಾಮೆರಾ ಕಪ್ಪು ಮೈ, ಕಪ್ಪು ಮರ ನೋಡಿ ಬೆಳಕು ಜಾಸ್ತಿ ಮಾಡಿಬಿಡುತ್ತದೆ. ತಲೆ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಎಕ್ಸ್‌ಪೋಷರ್ ಸ್ವಲ್ಪ ಮೈನಸ್ ಇಡಿ, ಶಟರ್ 1/2000ಕ್ಕಿಂತ ನಿಧಾನ ಬೇಡ. ಕೂತ ಹದ್ದು ಮುಂದಕ್ಕೆ ಬಾಗಿ, ಬಾಲ ಎತ್ತಿ ಹಿಕ್ಕೆ ಹಾಕಿತು ಅಂದರೆ ಈಗ ಹಾರುತ್ತೆ ಅಂತಲೇ ಲೆಕ್ಕ. ಯಜಮಾನರ ಬೆರಳು ಬಟನ್ ಮೇಲಿರಲಿ.

ಎರಡನೆಯದಕ್ಕೆ ಉತ್ತರ: ಯಾವ ತಿಂಗಳೂ ಅಲ್ಲ. ಹಾಗೆ ಆಗುವುದೇ ಇಲ್ಲ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಆ ವಾಟ್ಸಾಪ್ ಕಥೆ ನಿಮ್ಮೆಲ್ಲರ ಫೋನಿನಲ್ಲೂ ಇದೆ. 40 ವರ್ಷವಾದ ಹದ್ದು ಬೆಟ್ಟ ಹತ್ತಿ, ಕೊಕ್ಕು ಒಡೆದು, ಉಗುರು ಕಿತ್ತು, ಗರಿ ಕಿತ್ತು, 150 ದಿನ ತಪಸ್ಸು ಮಾಡಿ, ಇನ್ನೂ 30 ವರ್ಷ ಬದುಕುತ್ತದಂತೆ. ಆಫೀಸಿನ ಟ್ರೈನಿಂಗ್‌ನಲ್ಲೂ ಸ್ಲೈಡ್ ಹಾಕಿ ತೋರಿಸುತ್ತಾರೆ.

ಮೊದಲು ವಯಸ್ಸು ನೋಡಿ. ಡಿಡಿಟಿ ಎಂಬ ಕೀಟನಾಶಕದಿಂದ ನ್ಯೂಯಾರ್ಕ್ ರಾಜ್ಯದಲ್ಲಿ ಈ ಹಕ್ಕಿಗಳು ಹೆಚ್ಚುಕಡಿಮೆ ನಾಶವಾಗಿದ್ದಾಗ, ಬೇರೆ ರಾಜ್ಯಗಳಿಂದ ಮರಿ ತಂದು ಬಿಟ್ಟರು. 1977ರಲ್ಲಿ ಹಾಗೆ ಮಿನ್ನೆಸೋಟಾದಿಂದ ಬಂದ ಒಂದು ಮರಿ, ಕಾಲಿಗೆ ಉಂಗುರ ಹಾಕಿಸಿಕೊಂಡು, 2015ರವರೆಗೆ ಬದುಕಿತು. ಕೊನೆಗೆ ಕಾರು ಬಡಿದು ಸತ್ತಿತು. ಆಗ ಅದಕ್ಕೆ 38. ಉಂಗುರ ಹಾಕಿ ಲೆಕ್ಕ ಇಟ್ಟ ಕಾಡಿನ ಬಾಲ್ಡ್ ಈಗಲ್‌ಗಳಲ್ಲಿ ದಾಖಲೆಯ ಆಯಸ್ಸೇ ಅದು. ಅಂದರೆ ದಾಖಲೆ ವೀರನೂ ಆ ಬೆಟ್ಟದ ಬುಡಕ್ಕೆ ಬರುವ ಎರಡು ವರ್ಷ ಮೊದಲೇ ಹೋಗಿದ್ದ!

ಇನ್ನು ಕೊಕ್ಕು. ಒಳಗೆ ಮೂಳೆ, ಮೇಲೆ ನಮ್ಮ ಉಗುರಿನಂಥದೇ ಪದಾರ್ಥದ ಕವಚ. ಕವಚ ಬೆಳೆಯುತ್ತಲೇ ಇರುತ್ತದೆ, ಸವೆಯುತ್ತಲೇ ಇರುತ್ತದೆ. ಮೀನು ತಿಂದು ಮುಗಿಸಿದ ಹದ್ದನ್ನು ಲೆನ್ಸ್‌ನಲ್ಲಿ ನೋಡುತ್ತಾ ಇರಿ. ಕೊಂಬೆಗೆ ಕೊಕ್ಕನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ, ಚಾಕು ಮಸೆದ ಹಾಗೆ ಉಜ್ಜುತ್ತದೆ. ನನಗೆ ಜನ 'ಸಾಕ್ಷಿ' ಅಂತ ಕಳಿಸುವ ಫೋಟೋಗಳು ಬಹುಪಾಲು ಇವೇ. ಊಟ ಆದಮೇಲೆ ಬಾಯಿ ಒರೆಸಿಕೊಳ್ಳುತ್ತಿದೆ ರೀ, ಅಷ್ಟೇ!

ಕೊಕ್ಕು ನಿಜಕ್ಕೂ ಹೋದರೆ? ಅದೂ ಗೊತ್ತಿದೆ. 2005ರಲ್ಲಿ ಅಲಾಸ್ಕಾದಲ್ಲಿ ಯಾರೋ ಗುಂಡು ಹೊಡೆದು ಒಂದು ಹೆಣ್ಣು ಹದ್ದಿನ ಮೇಲ್ಗೊಕ್ಕು ಹಾರಿಹೋಯಿತು. ಮತ್ತೆ ಸರಿಯಾಗಿ ಬೆಳೆಯಲಿಲ್ಲ. ಅದಕ್ಕೆ ತಿನ್ನಲಾಗದು, ಗರಿ ಒಪ್ಪ ಮಾಡಿಕೊಳ್ಳಲಾಗದು. ಮನುಷ್ಯರೇ ಕೈತುತ್ತು ಹಾಕಿ ಉಳಿಸಿದರು. 'ಬ್ಯೂಟಿ' ಅಂತ ಹೆಸರಿಟ್ಟರು. 2008ರಲ್ಲಿ ಐಡಹೋದಲ್ಲಿ ಪ್ಲಾಸ್ಟಿಕ್ ಕೊಕ್ಕು ಮಾಡಿ ಕೂರಿಸಿದರು. ಪುನರ್ಜನ್ಮದ ಕಥೆ ನಿಜವಾಗಿದ್ದರೆ ಐದು ತಿಂಗಳು ಕಾದಿದ್ದರೆ ಸಾಕಿತ್ತಲ್ವಾ?

ಗರಿಗಳೂ ಅಷ್ಟೇ. ಸ್ವಲ್ಪ ಸ್ವಲ್ಪವಾಗಿ ಉದುರಿ ಹೊಸದು ಬರುತ್ತವೆ. ಬಿದ್ದ ಗರಿ ಸಿಕ್ಕರೆ ನೆನಪಿಗೆಂದು ಬ್ಯಾಗಿಗೆ ಹಾಕಬೇಡಿ. 1940ರ ಕಾನೂನು, ಗರಿ ಇಟ್ಟುಕೊಂಡರೂ ಅಪರಾಧ.

'ಬೋಳು ಹದ್ದು' ಅಂತಲೂ ದಯವಿಟ್ಟು ಬರೆಯಬೇಡಿ. ಹಳೆಯ ಇಂಗ್ಲಿಷಿನಲ್ಲಿ ಆ 'ಬಾಲ್ಡ್' ಅಂದರೆ ಬಿಳಿ ಅಂತ. ತಲೆತುಂಬ ಗರಿ ಇದೆ. ಪೂರ್ತಿ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು, ಅಲ್ಲಿಯವರೆಗೆ ಮೈಯೆಲ್ಲ ಕಂದು. 'ಬರೀ ಕಂದು ಹದ್ದು ಸಿಕ್ಕಿತು' ಅಂತ ಬೇಜಾರು ಮಾಡಿಕೊಂಡು ಡಿಲೀಟ್ ಮಾಡಬೇಡಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ನಮ್ಮ ಗರುಡ ಇದಲ್ಲ. ಗರುಡನ ತಲೆಯೂ ಬೆಳ್ಳಗಿದೆ ನಿಜ, ಆದರೆ ಅದರ ತೂಕ ಅರ್ಧ ಕೆಜಿ ಆಸುಪಾಸು. ಬಾಲ್ಡ್ ಈಗಲ್ ನಾಲ್ಕೈದು ಕೆಜಿ ತೂಗುತ್ತದೆ. ಇದರ ಹತ್ತಿರದ ನೆಂಟನನ್ನು ನೋಡಬೇಕಿದ್ದರೆ ವೀಸಾ ಬೇಡ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಇದೆ. ಊರಿಗೆ ಮರಳಿದ ಮೇಲೆ ಯಜಮಾನರನ್ನು ಅಲ್ಲಿಗೂ ಕಳಿಸಿ.

ಮರೆತಿದ್ದೆ, ಕೊನೊವಿಂಗೊಗೆ ಹೋಗುವಾಗ ಅಳಿಯಂದಿರ ಕಾರಿಗೆ ಒಂದು ಟಾರ್ಪಾಲ್ ಇರಲಿ. ಅಲ್ಲಿನ ಕರಿ ರಣಹದ್ದುಗಳು ಪಾರ್ಕಿಂಗ್‌ನಲ್ಲಿ ಕೂತು ವೈಪರಿನ ರಬ್ಬರ್ ಕಿತ್ತು ಎಳೆಯುತ್ತವೆ. ಕೊಕ್ಕಿನ ಸಾಹಸದ ಫೋಟೋನೇ ಬೇಕು ಅಂದರೆ ಅದನ್ನೇ ತೆಗೆಯಿರಿ.