ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರೆ ಸ್ಲೋಗನ್ ಬರೆಯಬಹುದೇ?

ಪ್ರಶ್ನೆ: ಮುಂಬೈಯ ಮಾಟುಂಗಾದಲ್ಲಿ ಇಡ್ಲಿ, ದೋಸೆಯ ಸಣ್ಣ ಅಂಗಡಿ ಇಟ್ಟಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪಾರ್ಸೆಲ್ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸ್ಲೋಗನ್ ಹಾಕಿಸಬೇಕು. ತಪ್ಪು ಬರೆದು ನಗೆಪಾಟಲಾದರೆ ಎಂಬ ಹೆದರಿಕೆ. ನಾನೇ ಬರೆಯಬಹುದೇ?

ಧಾರಾಳವಾಗಿ ಬರೆಯಿರಿ. ನಿಮ್ಮ ಗಿರಾಕಿಗಳನ್ನೇ ನೋಡಿ: ಗುಜರಾತಿಗಳು, ಮರಾಠಿಗರು, ತಮಿಳರು, ನಮ್ಮ ಊರ ಕಡೆಯವರು. ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಮನೆಮಾತಲ್ಲ. ಡಬ್ಬಿ ಕೈಗೆ ಬಂದಾಗ ಕಣ್ಣು ಹಾಯಿಸಿದರೆ ತಲೆಯಲ್ಲಿ ಉಳಿಯುವ ನಾಲ್ಕಾರು ಪದ ಸಾಕು.

ನಾವು ಎಡವುವುದು ಉದ್ದಕ್ಕೆ ಬರೆಯಲು ಹೋದಾಗ. 'ವೀ ಆರ್ ಸರ್ವಿಂಗ್ ದ ಟೇಸ್ಟಿ ಅಂಡ್ ಹೈಜಿನಿಕ್ ಫುಡ್' ಎಂದು ಶುರು ಮಾಡಿದರೆ 'ದ' ಬೇಕೋ ಬೇಡವೋ, 'ಸರ್ವ್' ಸಾಕೋ 'ಸರ್ವಿಂಗ್' ಆಗಬೇಕೋ ಎಂಬ ತಾಪತ್ರಯ. ('ದ' ಬಿಟ್ಟು, 'ಸರ್ವಿಂಗ್' ಬದಲು 'ಸರ್ವ್' ಹಾಕಿ 'ವೀ ಸರ್ವ್ ಟೇಸ್ಟಿ ಫುಡ್' ಎಂದರೆ ಸರಿಯಾಗುತ್ತದೆ, ಆದರೆ ಯಾರಿಗೂ ನೆನಪಿರುವುದಿಲ್ಲ.) ಇಂಥ ಗೋಜಲಿಗೆ ಎಡೆಯೇ ಇಲ್ಲದ ಹಾಗೆ ವಾಕ್ಯ ಕಟ್ಟುವುದೇ ಜಾಣತನ.

ಅದನ್ನು ಕಲಿಯಲು ಇಂಗ್ಲಿಷ್ ಪುಸ್ತಕ ಬೇಡ, ಗಾದೆ ಸಾಕು. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಎರಡು ತುಂಡು, ಎರಡಕ್ಕೂ ಒಂದೇ ತೂಕ. ಈಗ ನಿಮ್ಮ ಅಂಗಡಿಗೆ ಬನ್ನಿ. ಬೆಳಿಗ್ಗೆ ಆರಕ್ಕೆ ಇಡ್ಲಿ ಇಳಿಯುತ್ತದೆ, ಹತ್ತರೊಳಗೆ ಪಾತ್ರೆ ಖಾಲಿ ಎಂದುಕೊಳ್ಳೋಣ. 'ಫ್ರೆಶ್ ಅಟ್ ಸಿಕ್ಸ್, ಗಾನ್ ಬೈ ಟೆನ್.' ಆರಕ್ಕೆ ಎಂದರೆ 'ಅಟ್', ಹತ್ತರೊಳಗೆ ಎಂದರೆ 'ಬೈ'. ಆರೇ ಪದ, ಇಂಗ್ಲಿಷಿನ ಉಚ್ಚಾರದಲ್ಲಿ ಪ್ರತಿಯೊಂದರಲ್ಲೂ ಒಂದೇ ಒಂದು ಸ್ವರ. ರುಚಿ, ಶುಚಿ ಎಂದು ಹೊಗಳಿಕೊಳ್ಳುವ ಅಗತ್ಯವೂ ಬೀಳಲಿಲ್ಲ. ಹತ್ತಕ್ಕೇ ಖಾಲಿಯಾಗುವುದು ಏಕೆಂದು ಗಿರಾಕಿಗೆ ತಾನೇ ಹೊಳೆಯುತ್ತದೆ.

ಪ್ರಾಸವೂ ಕೈಹಿಡಿಯುತ್ತದೆ. 1966ರ ಸುಮಾರಿಗೆ ಇದೇ ಮುಂಬೈಯಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅವರ ಜಾಹೀರಾತು ಸಂಸ್ಥೆ ಅಮುಲ್ ಬೆಣ್ಣೆಗೆ 'ಅಟರ್ಲಿ ಬಟರ್ಲಿ ಡೆಲಿಶಿಯಸ್' ಎಂಬ ಸಾಲು ಕೊಟ್ಟಿತು. ಕನ್ನಡದಲ್ಲಿ ಬರೆದು ನೋಡಿ, ಮೊದಲ ಎರಡೂ ಪದಗಳ ಎರಡನೇ ಅಕ್ಷರ 'ಟ'. ನಮ್ಮ ಹಳೆಯ ಕವಿಗಳ ಆದಿಪ್ರಾಸವೇ!

'ಬಟರ್ಲಿ' ಎಂಬ ಪದ ಆಗ ಯಾವ ವ್ಯಾಕರಣಕ್ಕೂ ಹೊಂದುವಂಥದ್ದಲ್ಲ. ಆಪಲ್ ಕಂಪನಿಯ 1997ರ 'ಥಿಂಕ್ ಡಿಫರೆಂಟ್' ಕೂಡ 'ಡಿಫರೆಂಟ್ಲಿ' ಆಗಬೇಕಿತ್ತೆಂದು ಆಕ್ಷೇಪಿಸಿದವರಿದ್ದಾರೆ. ಹಾಗೆಂದು ಎಲ್ಲ ತಪ್ಪೂ ನಡೆಯುವುದಿಲ್ಲ. ಬೋರ್ಡುಗಳಲ್ಲಿ ಕಾಣುವ 'ಸಿನ್ಸ್ 25 ಇಯರ್ಸ್' ಬರೀ ತಪ್ಪು, ಅದರಲ್ಲಿ ಆಟವಿಲ್ಲ. 'ಸಿನ್ಸ್' ಮುಂದೆ ಇಸವಿ ಹಾಕಿ, ಇಲ್ಲವೇ 'ಫಾರ್ 25 ಇಯರ್ಸ್' ಎನ್ನಿ. 'ಪ್ಯೂರ್ ವೆಜ್' ನಮ್ಮ ದೇಶದ ಇಂಗ್ಲಿಷ್, ಇರಲಿ ಬಿಡಿ.

ಬರೆದ ಸಾಲನ್ನು ಮುದ್ರಣಕ್ಕೆ ಕೊಡುವ ಮೊದಲು ಪಾರ್ಸೆಲ್ ಒಯ್ಯುವ ಹುಡುಗನಿಗೆ ಒಮ್ಮೆ ಓದಿ ಹೇಳಿ, ಮರುದಿನ ಕೇಳಿ. ಪದ ಅದಲುಬದಲಾಗಿದ್ದರೆ ಅವನು ಹೇಳಿದ್ದೇ ಸಲೀಸಾಗಿರಬಹುದು.

'ನಂಬರ್ ಒನ್', 'ಬೆಸ್ಟ್ ಇನ್ ಮುಂಬೈ' ಮಾತ್ರ ಬೇಡ. ಅಂಥ ಹೇಳಿಕೆಗೆ ಆಧಾರ ತೋರಿಸಬೇಕೆನ್ನುತ್ತದೆ, 1985ರಿಂದ ಜಾಹೀರಾತುಗಳ ಮೇಲೆ ಕಣ್ಣಿಟ್ಟಿರುವ ಎಎಸ್‌ಸಿಐ (ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ) ಸಂಸ್ಥೆ. ಮುಂದೆ ಇದೇ ಸಾಲನ್ನು ಅಂಗಡಿ ಬೋರ್ಡಿಗೂ ಹಾಕಿಸುವುದಾದರೆ ಪೇಂಟರ್‌ಗೆ ಮೊದಲೇ ಹೇಳಿಬಿಡಿ: ಮಹಾರಾಷ್ಟ್ರದ 2022ರ ತಿದ್ದುಪಡಿಯಂತೆ ಬೋರ್ಡಿನಲ್ಲಿ ದೇವನಾಗರಿಯ ಮರಾಠಿ ಇರಲೇಬೇಕು, ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಾಗಬಾರದು.