ಟಿವಿ ಬೋಧಕನ ಗಂಟಲು, ಕ್ಲಬ್ಬಿನ ಬೀಟ್: ಥ್ರಿಲ್ ಕಿಲ್ ಕಲ್ಟ್ ಕೇಳುವವರಿಗೆ ಟಿಪ್ಪಣಿ

ಎಂಬತ್ತರ ದಶಕದ ಕೊನೆಯ ಇಂಡಸ್ಟ್ರಿಯಲ್ ಡ್ಯಾನ್ಸ್ ಸಂಗೀತವನ್ನು, ಅಂದರೆ ಯಂತ್ರದ ಗದ್ದಲವನ್ನೂ ಕತ್ತರಿಸಿದ ಮಾತುಗಳನ್ನೂ ಕ್ಲಬ್ಬಿನ ಬೀಟಿಗೆ ಕೂರಿಸಿದ ಸಂಗೀತವನ್ನು, ಓದಲು ಕೂತವರು ಮೊದಲು ಹುಡುಕುವುದು ಹಾಡಿನ ಸಾಲುಗಳನ್ನು. ಹಾಡುವವನು ದೇವರನ್ನು ಬೈದನಾ, ಸೈತಾನನನ್ನು ಹೊಗಳಿದನಾ ಅಂತ. ಹಾಗೆ ಹುಡುಕಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಇಲ್ಲಿನ ಕುಚೋದ್ಯವೆಲ್ಲ ಕತ್ತರಿಯ ಕೆಲಸ. ಬೇರೆಯವರ ಮಾತನ್ನು ಎಲ್ಲಿ ಕತ್ತರಿಸಿದರು, ಎಷ್ಟು ಸಲ ತಿರುಗಿಸಿದರು, ಯಾವ ಬೀಟಿನ ಮೇಲೆ ಕೂರಿಸಿದರು ಎಂದು ಗಮನಿಸಿ. ಹಾಡು ಯಾರನ್ನು ನೋಡಿ ನಗುತ್ತಿದೆ ಎಂದು ತಾನಾಗಿ ಗೊತ್ತಾಗುತ್ತದೆ.

ಉದಾಹರಣೆಗೆ ಒಂದೇ ಬ್ಯಾಂಡ್ ಹಿಡಿದು ಹೋಗೋಣ: ಷಿಕಾಗೋದ 'ಮೈ ಲೈಫ್ ವಿತ್ ದ ಥ್ರಿಲ್ ಕಿಲ್ ಕಲ್ಟ್'. ಉದ್ದ ಹೆಸರು, ಇನ್ನು ಮುಂದೆ ಥ್ರಿಲ್ ಕಿಲ್ ಕಲ್ಟ್ ಎಂದಷ್ಟೇ ಬರೆಯುತ್ತೇನೆ. 1987ರಲ್ಲಿ ಇದನ್ನು ಶುರು ಮಾಡಿದವರು ಗ್ರೂವಿ ಮ್ಯಾನ್ ಮತ್ತು ಬಝ್ ಮೆಕಾಯ್. ಎರಡೂ ವೇದಿಕೆಯ ಹೆಸರುಗಳು. ಗ್ರೂವಿ ಮ್ಯಾನ್ ಅದಕ್ಕೂ ಮುಂಚೆ ಸ್ಪೆಷಲ್ ಅಫೆಕ್ಟ್ ಎಂಬ ಬ್ಯಾಂಡಿನಲ್ಲಿ ಹಾಡುತ್ತಿದ್ದ. ಮುಂದೆ ಮಿನಿಸ್ಟ್ರಿ ಎಂಬ ಬ್ಯಾಂಡ್ ಕಟ್ಟಿದ ಆಲ್ ಯೋರ್ಗೆನ್ಸನ್ ಆಗ ಅದೇ ಬ್ಯಾಂಡಿನಲ್ಲಿದ್ದ.

ಇವರಿಬ್ಬರು ಮೊದಲು ಮಾಡಹೊರಟಿದ್ದು ಸಿನಿಮಾ. ಬೇಕಂತಲೇ ಅಗ್ಗವಾಗಿ, ಕೀಳು ಅಭಿರುಚಿಯಲ್ಲಿ ತೆಗೆಯಬೇಕೆಂದಿದ್ದ ಭಯಾನಕ ಚಿತ್ರ. ಸಿನಿಮಾ ಮುಗಿಯಲೇ ಇಲ್ಲ. ಅದಕ್ಕೆಂದು ಮಾಡಿದ ಹಾಡುಗಳು ಮಾತ್ರ ಉಳಿದವು. ಅವನ್ನು ವ್ಯಾಕ್ಸ್ ಟ್ರ್ಯಾಕ್ಸ್ ಕಂಪನಿ 1988ರಲ್ಲಿ ಸಣ್ಣ ರೆಕಾರ್ಡ್ ಆಗಿ ಹೊರತಂದಿತು. ಇದನ್ನು ನೆನಪಿಟ್ಟುಕೊಳ್ಳಿ. ಇವರ ಹಾಡುಗಳಲ್ಲಿ ಪಾತ್ರಗಳು ಬಂದು ಒಂದೇ ಸಾಲು ಹೇಳಿ ಮಾಯವಾಗುವುದು, ಕಥೆ ಎಲ್ಲಿಂದಲೋ ಶುರುವಾಗಿ ನಡುವೆಯೇ ನಿಲ್ಲುವುದು, ಹಿಂದಿನಿಂದ ಕಿರುಚಾಟ ಕೇಳುವುದು, ಇದೆಲ್ಲ ಚಿತ್ರವೇ ಇಲ್ಲದ ಚಿತ್ರದ ಹಿನ್ನೆಲೆ ಸಂಗೀತ ಎಂದುಕೊಂಡರೆ ಸರಿಯಾಗಿ ಕೂರುತ್ತದೆ.

ಅಂಗಡಿ

ವ್ಯಾಕ್ಸ್ ಟ್ರ್ಯಾಕ್ಸ್ ಮೊದಲು ರೆಕಾರ್ಡ್ ಅಂಗಡಿ. ಜಿಮ್ ನ್ಯಾಶ್ ಮತ್ತು ಡ್ಯಾನಿ ಫ್ಲೆಷರ್ ಎಂಬ ಸಲಿಂಗಿ ಜೋಡಿ ಡೆನ್ವರ್‌ನಲ್ಲಿ ನಡೆಸುತ್ತಿದ್ದರು. 1978ರಲ್ಲಿ ಷಿಕಾಗೋಗೆ ಬಂದು ಲಿಂಕನ್ ಅವೆನ್ಯೂದಲ್ಲಿ ಅಂಗಡಿ ತೆರೆದರು. ಆಮೇಲೆ ತಾವೇ ರೆಕಾರ್ಡ್ ಹೊರತರಲು ತೊಡಗಿದರು. ಕಂಪನಿಯ ಮೊದಮೊದಲ ರೆಕಾರ್ಡುಗಳಲ್ಲಿ ಒಂದು ಡಿವೈನ್ ಹಾಡಿದ್ದು. ಜಾನ್ ವಾಟರ್ಸ್ ಸಿನಿಮಾಗಳಲ್ಲಿ ಹೆಣ್ಣು ವೇಷ ಹಾಕಿ ಹೆಸರು ಮಾಡಿದ ನಟ ಈ ಡಿವೈನ್. ಇಂಡಸ್ಟ್ರಿಯಲ್ ಎಂದ ಕೂಡಲೇ ಬರೀ ಕಪ್ಪು ಬಟ್ಟೆ, ಸಿಡುಕು ಮುಖ ಎಂದುಕೊಳ್ಳುವವರು ಈ ವಿಷಯವನ್ನು ಮರೆಯುತ್ತಾರೆ. ಇಲ್ಲಿ ತಮಾಷೆ, ವೇಷ, ಮಿಂಚು, ಅತಿರೇಕ ಎಲ್ಲ ಮೊದಲಿಂದಲೂ ಇತ್ತು.

ಇನ್ನೊಂದು ವಿಷಯ, ಊರು. ಷಿಕಾಗೋ ಎಂದರೆ ಡಿಸ್ಕೋದಿಂದ ಹುಟ್ಟಿದ ಕ್ಲಬ್ಬಿನ ಕುಣಿತದ ಸಂಗೀತವಾದ ಹೌಸ್‌ನ ತವರು. ಫ್ರಾಂಕಿ ನಕಲ್ಸ್ ರೆಕಾರ್ಡ್ ತಿರುಗಿಸುತ್ತಿದ್ದ ವೇರ್‌ಹೌಸ್ ಕ್ಲಬ್ ಇದ್ದದ್ದು ಅಲ್ಲೇ. ಬ್ರಿಟನ್ನಿನಲ್ಲಿ ಥ್ರಾಬಿಂಗ್ ಗ್ರಿಸಲ್ ಬ್ಯಾಂಡಿನವರು 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಶುರು ಮಾಡಿದಾಗ ಕುಣಿಸುವುದು ಅವರ ಮುಖ್ಯ ಉದ್ದೇಶವಾಗಿರಲಿಲ್ಲ. ಟೇಪು, ಗದ್ದಲ, ಕೇಳುಗನನ್ನು ಬೆಚ್ಚಿಬೀಳಿಸುವುದು, ಇಷ್ಟೇ. ಕುಣಿತವನ್ನು ಜಾಸ್ತಿ ಮಾಡಿದವರಲ್ಲಿ ಬೆಲ್ಜಿಯಮ್ಮಿನ ಫ್ರಂಟ್ 242 ಬ್ಯಾಂಡಿನವರು ಮುಖ್ಯರು. ಅವರ ರೆಕಾರ್ಡುಗಳನ್ನು ಅಮೆರಿಕದಲ್ಲಿ ಹೊರತಂದದ್ದೂ ವ್ಯಾಕ್ಸ್ ಟ್ರ್ಯಾಕ್ಸೇ. ಹೀಗೆ ಯುರೋಪಿನ ಯಂತ್ರದ ಬೀಟು ಡಿಸ್ಕೋ ಬಿಡದ ಊರಿಗೆ ಬಂತು. ಥ್ರಿಲ್ ಕಿಲ್ ಕಲ್ಟ್ 1991ರ 'ಸೆಕ್ಸ್‌ಪ್ಲೋಷನ್!' ಆಲ್ಬಮ್ಮಿನ ಹೊತ್ತಿಗೆ ನೇರವಾಗಿ ಡಿಸ್ಕೋ ಕಡೆ ವಾಲಿದ್ದು ಅಚ್ಚರಿಯೇನಲ್ಲ.

ಯಂತ್ರದ ಲೆಕ್ಕ

ಈ ಭಾಗ ಸ್ವಲ್ಪ ಒಣ. ಆದರೂ ಬಿಡಬೇಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಸ್ಯಾಂಪ್ಲರ್ ಎಂದರೆ ಹೊರಗಿನ ಯಾವುದೇ ಸದ್ದನ್ನು ಅಂಕಿಗಳಾಗಿ ಹಿಡಿದಿಟ್ಟು, ಕೀಬೋರ್ಡ್ ಒತ್ತಿದಾಗ ಮತ್ತೆ ನುಡಿಸುವ ಯಂತ್ರ. 1979ರಲ್ಲಿ ಬಂದ ಫೇರ್‌ಲೈಟ್ ದುಬಾರಿ ಸ್ಯಾಂಪ್ಲರ್, ದೊಡ್ಡ ಸ್ಟುಡಿಯೋಗಳ ಸೊತ್ತು. ಎಂಬತ್ತರ ದಶಕದ ನಡುವಿಗೆ ಎನ್ಸಾನಿಕ್ ಮಿರಾಜ್ 2000 ಡಾಲರಿಗಿಂತ ಕಡಿಮೆಗೆ ಬಂತು. 1986ರಲ್ಲಿ ಅಕಾಯ್ ಎಸ್900 ಬಂತು. ಅದರ ನೆನಪಿನ ಸಾಮರ್ಥ್ಯ 750 ಕಿಲೋಬೈಟ್. ಒಳ್ಳೆಯ ಗುಣಮಟ್ಟದಲ್ಲಿ ಹಿಡಿದರೆ ಹೆಚ್ಚುಕಡಿಮೆ 12 ಸೆಕೆಂಡ್ ಸದ್ದು, ಅಷ್ಟೇ. ಇನ್ನೂ ಬೇಕೆಂದರೆ ಗುಣಮಟ್ಟ ಇಳಿಸಬೇಕು, ಆಗ ಸದ್ದು ಮಂಕಾಗುತ್ತದೆ.

ಈಗ ಲೆಕ್ಕ ಹಾಕಿ. ಹಾಡಿನ ವೇಗ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಬೀಟ್ ಎನ್ನೋಣ. ಒಂದು ಬೀಟಿಗೆ ಅರ್ಧ ಸೆಕೆಂಡ್. ನಾಲ್ಕು ಬೀಟಿನ ಒಂದು ಬಾರ್ 2 ಸೆಕೆಂಡ್. ಹಾಗಾದರೆ 12 ಸೆಕೆಂಡಿನಲ್ಲಿ ಸಿಗುವುದು ಆರು ಬಾರ್. ಅದರಲ್ಲೇ ಡ್ರಮ್, ಗಿಟಾರ್ ಚೂರು, ಮಾತು ಎಲ್ಲ ಹಿಡಿಯಬೇಕು. ಇಡೀ ಪ್ರವಚನ ಹಾಕಲು ಜಾಗವೇ ಇಲ್ಲ. ಒಂದೂವರೆ, ಎರಡು ಸೆಕೆಂಡಿನ ಒಂದು ಸಾಲು ಆರಿಸಿಕೊಳ್ಳಬೇಕು. ಎರಡು ಸೆಕೆಂಡಿನ ಸಾಲು ಸರಿಯಾಗಿ ಒಂದು ಬಾರಿನಲ್ಲಿ ಕೂರುತ್ತದೆ, ಮತ್ತೆ ಮತ್ತೆ ತಿರುಗುತ್ತದೆ. ಸಂದರ್ಭ ಕಳಚಿಹೋಗಿ ಮಾತು ಘೋಷಣೆಯಾಗುವುದು ಹೀಗೆ. ಕಲಾವಿದನ ಆಯ್ಕೆ ಇದರಲ್ಲಿ ಖಂಡಿತ ಇದೆ. ಆದರೆ ಯಂತ್ರದ ಬಡತನವೂ ಇದೆ.

ಇನ್ನೂ ಒಂದು. ಆಗಿನ ಸಾಮಾನ್ಯ ಸ್ಯಾಂಪ್ಲರಿನಲ್ಲಿ ವೇಗ ಬದಲಿಸಿದರೆ ಶ್ರುತಿಯೂ ಬದಲಾಗುತ್ತಿತ್ತು. ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗಿನ ಕೀ ಒತ್ತಿದರೆ ಎರಡು ಸೆಕೆಂಡಿನ ಮಾತು ನಾಲ್ಕು ಸೆಕೆಂಡ್ ಆಗುತ್ತದೆ, ದನಿ ಪಾತಾಳಕ್ಕಿಳಿಯುತ್ತದೆ. ಪಾದ್ರಿ ರಾಕ್ಷಸನ ಹಾಗೆ ಗುಡುಗುತ್ತಾನೆ! ಮೇಲಿನ ಕೀ ಒತ್ತಿದರೆ ಇಲಿಯ ಹಾಗೆ ಕಿಚಗುಡುತ್ತಾನೆ. ಈ ಹಾಡುಗಳಲ್ಲಿ ಕೇಳುವ 'ಸೈತಾನನ ದನಿ'ಯಲ್ಲಿ ಎಷ್ಟೋ ಪಾಲು ಈ ಒಂದು ಗುಣದಿಂದ ಹುಟ್ಟಿದ್ದು.

ಕಚ್ಚಾ ಮಾಲು ಎಲ್ಲಿಂದ

ಟಿವಿ, ರೇಡಿಯೋಗಳಲ್ಲಿ ಕ್ರೈಸ್ತ ಧರ್ಮ ಸಾರುವ ಬೋಧಕರ ದನಿಯನ್ನು ಹಾಡಿಗೆ ತರುವುದು ಥ್ರಿಲ್ ಕಿಲ್ ಕಲ್ಟಿನ ಹೊಸ ಉಪಾಯವಲ್ಲ. ಇಂಗ್ಲೆಂಡಿನ ಶೆಫೀಲ್ಡಿನ ಕ್ಯಾಬರೇ ವೋಲ್ಟೇರ್ ಬ್ಯಾಂಡಿನವರು 1981ರಷ್ಟು ಹಿಂದೆಯೇ ಜೀನ್ ಸ್ಕಾಟ್ ಎಂಬ ಅಮೆರಿಕದ ಟಿವಿ ಬೋಧಕ ದುಡ್ಡು ಕೇಳುವ ಮಾತುಗಳನ್ನು ಹಾಡಾಗಿಸಿದ್ದರು. ಅದೇ ವರ್ಷ ಬ್ರಯನ್ ಈನೋ ಮತ್ತು ಡೇವಿಡ್ ಬರ್ನ್ ಎಂಬ ಸಂಗೀತಗಾರರು ಸೇರಿ ಮಾಡಿದ ಆಲ್ಬಮ್ಮಿನಲ್ಲಿ ರೇಡಿಯೋದಿಂದ ಹಿಡಿದ ಭೂತ ಬಿಡಿಸುವವನ ಮಾತಿದೆ. ಆ ಹಾಡಿಗೆ ಮೊದಲು ಬಳಸಿದ್ದು ಕ್ಯಾಥರಿನ್ ಕೂಲ್ಮನ್ ಎಂಬ ಬೋಧಕಿಯ ದನಿ. ಆಕೆಯ ಆಸ್ತಿ ನೋಡಿಕೊಳ್ಳುವವರು ಒಪ್ಪಲಿಲ್ಲ, ಹಾಗಾಗಿ ಬದಲಿಸಿದರು. ಅದೇ ಆಲ್ಬಮ್ಮಿನಲ್ಲಿ ಕುರಾನ್ ಪಠಣ ಬಳಸಿದ್ದ ಒಂದು ಹಾಡೂ ಇತ್ತು. ಮುಸ್ಲಿಂ ಸಂಘಟನೆಯೊಂದು ಆಕ್ಷೇಪಿಸಿದ ಮೇಲೆ ಮುಂದಿನ ಮುದ್ರಣಗಳಲ್ಲಿ ಅದನ್ನು ತೆಗೆದರು. ಬೋಧಕರ ಮಾತು, ಕುರಾನ್ ಪಠಣ ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಟಿವಿಯಲ್ಲಿ ದುಡ್ಡೆತ್ತುವ ಬಲಾಢ್ಯನ ಮಾತನ್ನು ಕತ್ತರಿಸುವುದು ಬೇರೆ. ದೂರದವರ ಪ್ರಾರ್ಥನೆಯನ್ನು ಚೆಂದದ ಸದ್ದು ಎಂದು ಎತ್ತಿಕೊಳ್ಳುವುದು ಬೇರೆ. ಎರಡನೆಯದರ ಬಗ್ಗೆ ನನಗೆ ಮುಜುಗರವಿದೆ.

ಥ್ರಿಲ್ ಕಿಲ್ ಕಲ್ಟ್ ಹುಟ್ಟಿದ ಕಾಲವನ್ನೂ ನೋಡಬೇಕು. 1987ರ ಜನವರಿಯಲ್ಲಿ ಓರಲ್ ರಾಬರ್ಟ್ಸ್ ಎಂಬ ಬೋಧಕ, 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆಸಿಕೊಳ್ಳುತ್ತಾನೆ ಎಂದು ಭಕ್ತರ ಮುಂದೆ ಹೇಳಿಕೊಂಡ. ಎರಡೇ ತಿಂಗಳಲ್ಲಿ ಜಿಮ್ ಬೇಕರ್ ಲೈಂಗಿಕ ಹಗರಣದಲ್ಲಿ ಸಿಕ್ಕಿ ತನ್ನ ಟಿವಿ ಸಾಮ್ರಾಜ್ಯ ಬಿಟ್ಟ. 1989ರಲ್ಲಿ ವಂಚನೆಗಾಗಿ ಅವನಿಗೆ ಶಿಕ್ಷೆಯೂ ಆಯಿತು. 1988ರ ಫೆಬ್ರವರಿಯಲ್ಲಿ ಜಿಮ್ಮಿ ಸ್ವಾಗರ್ಟ್ ಕ್ಯಾಮೆರಾ ಮುಂದೆ ಗೊಳೋ ಎಂದು ಅತ್ತು, ಪಾಪ ಮಾಡಿದೆ ಎಂದ. ಇಷ್ಟೆಲ್ಲ ಟಿವಿಯಲ್ಲೇ ಬರುತ್ತಿರುವಾಗ ವಿಡಂಬನೆ ಬರೆಯುವ ಕಷ್ಟ ಯಾಕೆ? ಸುಮ್ನೆ ರೆಕಾರ್ಡ್ ಬಟನ್ ಒತ್ತಿದರೆ ಸಾಕು, ಅಲ್ವಾ?

ಇನ್ನೊಂದು ಕಡೆ ಸೈತಾನನ ಭಯ ಹಬ್ಬಿತ್ತು. ಮಕ್ಕಳನ್ನು ಸೈತಾನ ಪೂಜೆಗೆ ಬಳಸುತ್ತಾರೆ ಎಂಬ ಆರೋಪಗಳು ಊರೂರಲ್ಲಿ. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಮೊಕದ್ದಮೆ ವರ್ಷಗಟ್ಟಲೆ ನಡೆದು 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಮುಗಿಯಿತು. 1988ರ ಅಕ್ಟೋಬರಿನಲ್ಲಿ ಹೆರಾಲ್ಡೋ ರಿವೇರಾ ಸೈತಾನ ಪೂಜೆಯ ಬಗ್ಗೆ ವಿಶೇಷ ಟಿವಿ ಕಾರ್ಯಕ್ರಮವನ್ನೇ ಮಾಡಿದ. ರಾಕ್ ಸಂಗೀತ ಮಕ್ಕಳನ್ನು ಕೆಡಿಸುತ್ತಿದೆ ಎಂದು ರೆಕಾರ್ಡುಗಳ ಮೇಲೆ ಎಚ್ಚರಿಕೆ ಚೀಟಿ ಅಂಟಿಸುವ ಚಳವಳಿ 1985ರಿಂದ ನಡೆದಿತ್ತು.

ಈ ಭಯಕ್ಕೆ ಥ್ರಿಲ್ ಕಿಲ್ ಕಲ್ಟ್ ಕೊಟ್ಟ ಉತ್ತರ ಚತುರವಾದದ್ದು. 'ನಾವು ಅಂಥವರಲ್ಲ' ಎಂದು ವಾದಿಸಲಿಲ್ಲ. ನೀವು ಹೆದರುವ ಆ ಪಂಥ ನಾವೇ ಎಂದು ವೇಷ ಕಟ್ಟಿ ಬಂದರು. ಹೆಸರಲ್ಲೇ ಕಲ್ಟ್. ಜೊತೆಗೆ ಬಾಂಬ್ ಗ್ಯಾಂಗ್ ಗರ್ಲ್ಸ್ ಎಂಬ ಹಿನ್ನೆಲೆ ಗಾಯಕಿಯರ ಮೇಳ. ಯಕ್ಷಗಾನದ ಬಣ್ಣದ ವೇಷ ಅಬ್ಬರಿಸಿ ಬಂದಾಗ ಮಕ್ಕಳು ಹೆದರುತ್ತಾರೆ, ದೊಡ್ಡವರು ಖುಷಿಪಡುತ್ತಾರೆ. ಇಲ್ಲೂ ಹಾಗೇ. ವ್ಯತ್ಯಾಸ ಏನೆಂದರೆ, ಅಮೆರಿಕದಲ್ಲಿ ಆ ಹೊತ್ತಿಗೆ ದೊಡ್ಡವರೇ ಹೆದರಿದ್ದರು.

ಒಂದು ಹಾಡು, ನಿಧಾನವಾಗಿ

1989ರ 'ಕೂಲರ್ ದ್ಯಾನ್ ಜೀಸಸ್' ತೆಗೆದುಕೊಳ್ಳಿ. ಹೆಸರು ನೋಡಿದರೆ ಜಾನ್ ಲೆನನ್ 1966ರಲ್ಲಿ ಬೀಟಲ್ಸ್ ಮತ್ತು ಯೇಸುವಿನ ಜನಪ್ರಿಯತೆಯನ್ನು ಹೋಲಿಸಿ ಮೈಮೇಲೆ ಎಳೆದುಕೊಂಡ ರಗಳೆ ನೆನಪಾಗುತ್ತದೆ. ಆಗ ಅಮೆರಿಕದ ದಕ್ಷಿಣದಲ್ಲಿ ಬೀಟಲ್ಸ್ ರೆಕಾರ್ಡುಗಳನ್ನು ಸುಟ್ಟಿದ್ದರು.

ಈ ಹಾಡಿನಲ್ಲಿ ಒಬ್ಬ ತಾನು ವಿದ್ಯುತ್ತಿನ ರಕ್ಷಕ, ಕರೆಂಟಿನ ದೇವರು ಎಂದು ಘೋಷಿಸುವುದು ಕೇಳುತ್ತದೆ. ಮೊದಲ ಸಲ ಕೇಳಿದವರು ಬ್ಯಾಂಡೇ ದೈವನಿಂದೆ ಮಾಡುತ್ತಿದೆ ಎಂದುಕೊಳ್ಳಬಹುದು. ಆ ದನಿ 1972ರ 'ದ ರೂಲಿಂಗ್ ಕ್ಲಾಸ್' ಎಂಬ ಬ್ರಿಟಿಷ್ ಸಿನಿಮಾದ್ದು. ಅದರಲ್ಲಿ ಪೀಟರ್ ಓ'ಟೂಲ್ ತಾನೇ ಯೇಸು ಎಂದು ನಂಬಿದ ಶ್ರೀಮಂತ ಜಮೀನ್ದಾರ. ಅವನ ಹುಚ್ಚು ಬಿಡಿಸಲು ವೈದ್ಯ ಇನ್ನೊಬ್ಬ ರೋಗಿಯನ್ನು ಕರೆತರುತ್ತಾನೆ. ಅವನೂ ತಾನೇ ದೇವರು ಎನ್ನುವವನು. ಇಬ್ಬರು ದೇವರುಗಳು ಎದುರುಬದುರಾಗುತ್ತಾರೆ. ಹಾಡಿನಲ್ಲಿ ಕೇಳುವ ಸಾಲು ಆ ಎರಡನೆಯವನದು. ಅಂದರೆ ಬ್ಯಾಂಡ್ ಕತ್ತರಿಸಿದ್ದು ಧರ್ಮಗ್ರಂಥದ ಮಾತಲ್ಲ, ಬೋಧಕನದೂ ಅಲ್ಲ. ಅದಾಗಲೇ ವಿಡಂಬನೆಯಾಗಿದ್ದ ಒಂದು ಚಿತ್ರದೊಳಗೆ ಹುಚ್ಚನೊಬ್ಬ ಆಡಿದ ಮಾತು. ಅದರ ಕೆಳಗೆ ಕ್ಲಬ್ಬಿನ ಬೀಟ್ ಹಾಕಿದ್ದರಿಂದ ಆ ಹುಚ್ಚನಿಗೆ ಕುಣಿಯುವ ಭಕ್ತರೂ ಸಿಕ್ಕರು. ಇಡೀ ಹಾಡಿನ ಅಣಕ ನನಗೆ ಕಾಣುವುದು ಇಲ್ಲಿ: ಸಾಕಷ್ಟು ಜೋರು ಸ್ಪೀಕರ್ ಕೊಟ್ಟರೆ ಯಾರಿಗಾದರೂ ಸಭೆ ಸೇರುತ್ತದೆ.

ಇದರ ಪಕ್ಕಕ್ಕೆ ಫ್ರಂಟ್ 242 ಬ್ಯಾಂಡಿನ 1988ರ 'ವೆಲ್ಕಮ್ ಟು ಪ್ಯಾರಡೈಸ್' ಇಟ್ಟು ಕೇಳಿ. ಅಲ್ಲಿರುವುದು ನಿಜವಾದ ಬೋಧಕ. ಯೇಸು ಬಂದಿದ್ದಾನೆ, ಇನ್ನು ನೀವು ಬಡವರಾಗಿರಬೇಕಿಲ್ಲ ಎನ್ನುತ್ತಾನೆ. ಮದುವೆಗೆ ಮುಂಚೆ ಏನೂ ಕೂಡದು ಎಂದೂ ಕೂಗುತ್ತಾನೆ. ಈ ಬೆಲ್ಜಿಯಂನವರು ಮುಖ ಗಂಟಿಕ್ಕಿಕೊಂಡು, ಏನೂ ಸೇರಿಸದೆ, ಅವನನ್ನು ಡ್ರಿಲ್ ಮಾಸ್ತರನನ್ನಾಗಿ ಮಾಡುತ್ತಾರೆ. ಷಿಕಾಗೋದವರು ನಗುತ್ತ ಮಿಂಚಿನ ಅಂಗಿ ತೊಡಿಸುತ್ತಾರೆ. ಕುಣಿಸುವ ಶಕ್ತಿ ನನಗೆ ಫ್ರಂಟ್ 242ರಲ್ಲಿ ಜಾಸ್ತಿ ಎನಿಸುತ್ತದೆ. ತುಂಟತನ ಮಾತ್ರ ಥ್ರಿಲ್ ಕಿಲ್ ಕಲ್ಟಿನದೇ.

1990ರ 'ಕನ್ಫೆಷನ್ಸ್ ಆಫ್ ಎ ನೈಫ್' ಆಲ್ಬಮ್ಮಿನಲ್ಲಿ ಇದೇ ಪಟ್ಟು ಮುಂದುವರಿಯುತ್ತದೆ. ಕ್ಯಾಥೊಲಿಕ್ ಪಾಪನಿವೇದನೆ, ಮಾದಕ ವಸ್ತು, ಕೊಲೆ ಪತ್ತೇದಾರಿ ಎಲ್ಲ ಒಂದೇ ಪಾತ್ರೆಯಲ್ಲಿ. ಮೊದಲಿಗೆ ಕೇಳಲು ನಾನು ಸೂಚಿಸುವುದು ಇದನ್ನೇ.

ನ್ಯಾಯಾಲಯ

1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಮೊಕದ್ದಮೆ ರ‍್ಯಾಪ್ ಹಾಡುಗಾರ ಬಿಜ್ ಮಾರ್ಕಿ ಬಗ್ಗೆ. ಗಿಲ್ಬರ್ಟ್ ಓ'ಸಲಿವನ್ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ್ದ. ನ್ಯಾಯಾಧೀಶ ಕೆವಿನ್ ಡಫಿ ತೀರ್ಪನ್ನು ಶುರು ಮಾಡಿದ್ದು ಯಾವುದೇ ಕಾನೂನಿನ ಕಲಮಿನಿಂದಲ್ಲ, ಬೈಬಲಿನ ವಿಮೋಚನಕಾಂಡದಿಂದ: ಕದಿಯಬಾರದು. ದೇವರ ಮಾತನ್ನು ಕತ್ತರಿಸಿ ಕುಣಿಸುತ್ತಿದ್ದ ಸಂಗೀತದ ಕಾಲಕ್ಕೆ ದೇವರ ಮಾತಿನಿಂದಲೇ ಬೀಗ. ಈ ಹಾಸ್ಯವನ್ನು ಯಾವ ಬ್ಯಾಂಡೂ ಬರೆದಿರಲಿಲ್ಲ.

ಆ ತೀರ್ಪಿನ ನಂತರ ಸ್ಯಾಂಪಲ್ಲುಗಳಿಗೆ ಅನುಮತಿ ಪಡೆಯುವುದು, ದುಡ್ಡು ಕಟ್ಟುವುದು ದೊಡ್ಡ ಕಂಪನಿಗಳ ದಿನಚರಿಯಾಯಿತು. ಇತ್ತ 1992ರಲ್ಲಿ ವ್ಯಾಕ್ಸ್ ಟ್ರ್ಯಾಕ್ಸ್ ದಿವಾಳಿಯಾಗಿ ಟಿವಿಟಿ ಕಂಪನಿಯ ಕೈಸೇರಿತು. ಥ್ರಿಲ್ ಕಿಲ್ ಕಲ್ಟ್ ಇಂಟರ್‌ಸ್ಕೋಪ್ ಎಂಬ ದೊಡ್ಡ ಕಂಪನಿಗೆ ಹೋಯಿತು. ಅವರ ಹಾಡುಗಳು 1992ರ 'ಕೂಲ್ ವರ್ಲ್ಡ್' ಸಿನಿಮಾದಲ್ಲಿ ಬಂದವು. 1994ರ 'ದ ಕ್ರೋ' ಸಿನಿಮಾದಲ್ಲಿ ಬ್ಯಾಂಡೇ ಕ್ಲಬ್ಬಿನ ದೃಶ್ಯದಲ್ಲಿ ನುಡಿಸುತ್ತದೆ. ಸಿನಿಮಾ ಮಾಡಲು ಹೊರಟವರು ಹೀಗೆ ಬೇರೆಯವರ ಸಿನಿಮಾದೊಳಗೆ ಹೋಗಿ ನಿಂತರು.

ಅಭ್ಯಾಸಕ್ಕೆ ಒಂದು ಕೆಲಸ. 'ಕೂಲರ್ ದ್ಯಾನ್ ಜೀಸಸ್' ಮತ್ತು 'ವೆಲ್ಕಮ್ ಟು ಪ್ಯಾರಡೈಸ್' ಎರಡನ್ನೂ ಹೆಡ್‌ಫೋನಿನಲ್ಲಿ ಕೇಳಿ. ಮಾತಿನ ಪ್ರತಿ ಸ್ಯಾಂಪಲ್ ಕಿಕ್ ಡ್ರಮ್ಮಿನ (ಬೀಟ್ ಹೊಡೆಯುವ ದಪ್ಪ ಸದ್ದಿನ ಡ್ರಮ್) ಮೇಲೆ ಶುರುವಾಗುತ್ತದಾ, ಅದಕ್ಕಿಂತ ಸ್ವಲ್ಪ ಮುಂಚೆಯಾ ಎಂದು ಬರೆದುಕೊಳ್ಳಿ. ಬೀಟಿನ ಮೇಲೆ ಬಿದ್ದ ಮಾತು ಆಜ್ಞೆಯ ಹಾಗೆ ಕೇಳುತ್ತದೆ. ಬೀಟಿಗೆ ಮುಂಚೆ ಬಂದ ಮಾತು ಕುಣಿತಕ್ಕೆ ಕೊಡುವ ಕರೆಯ ಹಾಗೆ. ಯಾವ ಹಾಡಿನಲ್ಲಿ ಯಾವುದು ಜಾಸ್ತಿ ಎಂದು ಪಟ್ಟಿ ಮಾಡಿ, ಆಮೇಲೆ ಸಾಹಿತ್ಯದ ಸಾಲುಗಳನ್ನು ಓದಿ.